ಏಳುನೂರ ಅರವತ್ತೆಂಟು ಇಟ್ಟಿಗೆ

"ಹಗೂರ! ಹಗೂರ ಇಳಸ್ರಿ!"

ಆರನೇ ಕ್ಲಾಸಿನ ಜಡೆಮ್ಮ ಕೂಗುವಷ್ಟರಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮೇಲೆದ್ದುಬಿಟ್ಟಿತ್ತು. ಇಟ್ಟಿಗೆಗಳೆಲ್ಲ ಧಡಧಡನೆ ಶಾಲೆಯ ಅಂಗಳಕ್ಕೆ ಬಿದ್ದವು. ಧೂಳೆದ್ದು ಡ್ರೈವರ್ ಹನುಮೇಶನ ಮೀಸೆಯೂ ಕೆಂಪಾಯಿತು.

"ಇಟ್ಟಿಗಿ ಇವು ಯವ್ವಾ, ತತ್ತಿ ಅಲ್ಲ," ಎಂದು ನಕ್ಕು ಅವನು ಸಿರುಗುಪ್ಪದ ದಾರಿ ಹಿಡಿದ.

ಅವನಿಗೇನು, ನಕ್ಕ. ಜಡೆಮ್ಮ ಮಾತ್ರ ಧೂಳಿನಲ್ಲೇ ಮಂಡಿಯೂರಿದಳು. ರಾಶಿಯನ್ನೆಲ್ಲ ಸರಿಸಿ ಸರಿಸಿ ಒಡೆದ ಇಟ್ಟಿಗೆಗಳನ್ನು ಎಣಿಸಿದಳು. ಒಂದಲ್ಲ ಎರಡಲ್ಲ, ತೊಂಬತ್ತು!

ಆ ಶಾಲೆಯ ಹೆಣ್ಣುಮಕ್ಕಳ ಟಾಯ್ಲೆಟ್ ಇದ್ದದ್ದು ರಸ್ತೆಯ ಅಂಚಿಗೆ. ಮುಂದೆ ಮರೆ ಎಂಬುದೇ ಇಲ್ಲ, ಎದುರಿಗೇ ಚಹಾದಂಗಡಿ. ಒಬ್ಬಳು ಒಳಗೆ ಹೋದರೆ ಇಬ್ಬರು ಹೊರಗೆ ದುಪ್ಪಟ್ಟ ಹಿಡಿದು ನಿಲ್ಲಬೇಕು. ಜಡೆಮ್ಮನ ಗೆಳತಿ ರಾಧಾ ಅದಕ್ಕೇ ಶಾಲೆಯಲ್ಲಿ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಹೋದ ತಿಂಗಳು ಉರಿಮೂತ್ರವಾಗಿ ಪಾಪ, ಒಂದು ವಾರ ಮಲಗಿಬಿಟ್ಟಿದ್ದಳು.

ಅಡ್ಡಗೋಡೆ ಕಟ್ಟಿಸಲೇಬೇಕೆಂದು ಗವಿಸಿದ್ದೇಶ್ ಸರ್ ಅಲೆದಾಡಿದರು. ಕೊನೆಗೆ ಇಟ್ಟಿಗೆಭಟ್ಟಿಯ ಮರಿಬಸಪ್ಪನವರು ಪುಕ್ಕಟೆ ಇಟ್ಟಿಗೆ ಕೊಡಲು ಒಪ್ಪಿದರು. "ಎಷ್ಟು ಬೇಕು ಬರದು ಕಳಸ್ರಿ ಮೇಷ್ಟ್ರ. ಆದ್ರ ಒಂದ ಸಲ ನೋಡ್ರಿ, ಮತ್ತ ಕೇಳಬ್ಯಾಡ್ರಿ," ಎಂದಿದ್ದರು.

ಸಿಮೆಂಟು, ಉಸುಕು ಗೋಡೆ ಕಟ್ಟುವ ಗೌಂಡಿಯ ಪಾಲಿಗೆ ಬಿಟ್ಟು, ಇಟ್ಟಿಗೆಯ ಲೆಕ್ಕವನ್ನು ಸರ್ ಆರನೇ ಕ್ಲಾಸಿಗೆ ಕೊಟ್ಟರು. ಗೋಡೆ ಹನ್ನೆರಡಡಿ ಉದ್ದ, ಆರಡಿ ಎತ್ತರ. ಇಟ್ಟಿಗೆ ಒಂಬತ್ತಿಂಚು ಉದ್ದ, ಮೂರಿಂಚು ಎತ್ತರ. ಉದ್ದಕ್ಕೆ ಹದಿನಾರು, ದಪ್ಪಕ್ಕೆ ಜೋಡಿ, ಅಂದರೆ ಒಂದು ವರಸೆಗೆ ಮೂವತ್ತೆರಡು. ಅಂಥ ಇಪ್ಪತ್ನಾಲ್ಕು ವರಸೆ ಒಂದರ ಮೇಲೊಂದು. ಏಳುನೂರ ಅರವತ್ತೆಂಟು! ಎಲ್ಲರಿಗಿಂತ ಮೊದಲು ಎದ್ದು ಹೇಳಿದವಳು ಜಡೆಮ್ಮ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಅವಳ ಹಾಳೆಯೇ ಭಟ್ಟಿಗೆ ಹೋಯಿತು.

ಇಟ್ಟಿಗೆ ಒಡೆಯುತ್ತವೆ ಎಂಬುದು ಮಾತ್ರ ಜಾಣೆಗೆ ಹೊಳೆದೇ ಇರಲಿಲ್ಲ.

ಈಗ ಅಂಗೈ ಮೇಲೆ ಪೆನ್ನಿನಿಂದ ಕಳೆದಳು, ಭಾಗಿಸಿದಳು. ಉಳಿದ ಇಟ್ಟಿಗೆಗೆ ಏಳುವುದು ಇಪ್ಪತ್ತೊಂದೇ ವರಸೆ. ಒಂಬತ್ತು ಇಂಚು ಕಡಿಮೆ. ಅಷ್ಟೇ ಸಾಕು, ಎತ್ತರದವರು ಯಾರಾದರೂ ಇಣುಕಲು!

"ಏನ್ ಜಡೆಮ್ಮ, ಇಟ್ಟಿಗಿ ಸಾಲ್ತಾವೇನು?" ಸರ್ ಕೇಳಿದರು.

"ಹೂಂ ಸಾರ್," ಎಂದುಬಿಟ್ಟಿತು ನಾಲಗೆ.

ಕುರುಗೋಡಿನಿಂದ ಬಂದ ಗೌಂಡಿ ಎರ್ರಣ್ಣ ಕೆಲಸ ಶುರುಮಾಡಿದ. ಅವನು ಕರಣೆಯಿಂದ ಟಕ್ಕನೆ ಒಂದು ಇಟ್ಟಿಗೆ ಮುರಿದಾಗ ಜಡೆಮ್ಮ ಕಿಟಕಿಯಿಂದಲೇ ಕೂಗಿದಳು.

"ಮಾಮಾ, ಒಡೀಬ್ಯಾಡ್ರಿ!"

"ತುದಿಗೆ ಅರ್ಧಾನ ಬೇಕವ್ವ. ಇಡೀದನ್ನ ಮಡಿಚಿ ಇಡ್ಲೇನು?"

ಕ್ಲಾಸೆಲ್ಲ ನಕ್ಕಿತು. ಅವಳಿಗೆ ಅಳು ಬಂತು.

ಮಧ್ಯಾಹ್ನ ಬಿಸಿಯೂಟದ ತಟ್ಟೆ ಹಾಗೇ ಇತ್ತು. "ಯಾಕಲೇ, ಉಣ್ಣವಲ್ಲಿ?" ಎಂದಳು ರಾಧಾ. ಜಡೆಮ್ಮ ಎಲ್ಲ ಹೇಳಿದಳು. ರಾಧಾ ತಟ್ಟೆಯನ್ನು ಅವಳ ಕಡೆ ಸರಿಸಿದಳು.

"ಒಂಬತ್ತಿಂಚ ಅಲ್ಲೇನು? ಮ್ಯಾಲೆ ಗೋಣಿಚೀಲ ಕಟ್ಟೋಣು ಬಿಡು," ಎಂದಳು.

ಅವಳು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಜಡೆಮ್ಮನಿಗೆ.

ಮರುದಿನ ಗೋಡೆ ಮತ್ತೆ ಏಳತೊಡಗಿತು. ಹದಿನೆಂಟು, ಹತ್ತೊಂಬತ್ತು. ಹಲಗೆ ಹತ್ತಿ ನಿಂತ ಎರ್ರಣ್ಣ ಇಪ್ಪತ್ತು ಮುಗಿಸಿದ. ಇಪ್ಪತ್ತೊಂದು ಎಂದಾಗ ಜಡೆಮ್ಮ ಕಣ್ಣು ಮುಚ್ಚಿದಳು. ಈಗ ಕೇಳುತ್ತಾನೆ, ಇಟ್ಟಿಗೆ ಎಲ್ಲಿ ಎಂದು.

"ಸಾರ್, ಮುಗೀತ್ರಿ," ಎಂದು ಎರ್ರಣ್ಣ ಕರಣೆ ತೊಳೆಯತೊಡಗಿದ.

ಜಡೆಮ್ಮ ಓಡಿ ಬಂದಳು. "ಇನ್ನ ಮೂರು ವರಸಿ ಅದಾವಲ್ಲ ಮಾಮಾ!"

"ಯಾರಂದ್ರು? ಹಿಡಿ ಟೇಪು."

ಹಿಡಿದು ನೋಡಿದಳು. ಆರಡಿ! ಅದರ ಮೇಲೆ ಇನ್ನೂ ಒಂದೂವರೆ ಇಂಚು! ಗೋಡೆಯ ಬುಡದಲ್ಲಿ ನಲವತ್ತೆಂಟು ಗಟ್ಟಿ ಇಟ್ಟಿಗೆ ಉಳಿದುಕೊಂಡಿದ್ದವು.

ಇದೇನು ಮಾಟವೋ ಎಂದು ಗೋಡೆಯ ಹತ್ತಿರಕ್ಕೆ ಹೋದಳು. ಇಟ್ಟಿಗೆ ಇಟ್ಟಿಗೆಯ ನಡುವೆ ಬೂದುಬಣ್ಣದ ಸಿಮೆಂಟಿನ ಗೆರೆ, ಅವಳ ಕಿರುಬೆರಳಿನ ದಪ್ಪ. ಪಕ್ಕದಲ್ಲೂ ಇತ್ತು, ಅದಕ್ಕೇ ಉದ್ದಕ್ಕೆ ಹದಿನಾರರ ಬದಲು ಹದಿನೈದೇ ಇಟ್ಟಿಗೆ ಹಿಡಿದಿದ್ದವು; ಕೆಳಗೂ ಇತ್ತು. ಬೆರಳಿಟ್ಟು ಬುಡದಿಂದ ಎಣಿಸುತ್ತ ಹೋದಳು. ಒಂದೊಂದು ಅರ್ಧ ಇಂಚಿನಂತೆ ಇಪ್ಪತ್ತೊಂದು ಗೆರೆ. ಅವಳ ನೋಟ್‌ಬುಕ್ಕಿನ ಗೋಡೆಯಲ್ಲಿ ಸಿಮೆಂಟೇ ಇರಲಿಲ್ಲ!

ಜಡೆಮ್ಮ ಉಳಿದ ಇಟ್ಟಿಗೆಗಳ ಮೇಲೆ ಕುಸಿದು ಕೂತಳು. ಎರಡು ದಿನದಿಂದ ಹಿಡಿದಿಟ್ಟ ಉಸಿರೆಲ್ಲ ಒಮ್ಮೆಲೇ ಹೊರಬಂತು. ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಆಮೇಲೆ ಎದ್ದು ನೇರ ಸರ್ ಹತ್ತಿರ ಹೋದಳು.

"ಸಾರ್, ನನ್ನ ಲೆಕ್ಕ ತಪ್ಪಿತ್ರಿ. ಸಿಮೆಂಟಿನ ಸಂದು ಹಿಡಿದಿಲ್ಲ, ಒಡಿಯೋದೂ ಹಿಡಿದಿಲ್ಲ. ಒಡೆದಾವಂತ ನಿನ್ನೇನ ಗೊತ್ತಿತ್ರಿ. ಹೇಳಾಕ ಹೆದರಿಕಿ ಆತು."

ಸರ್ ಗೋಡೆ ನೋಡಿದರು, ಅವಳನ್ನು ನೋಡಿದರು, ತಲೆ ಕೆರೆದುಕೊಂಡರು.

"ನಿನ್ನ ಹಾಳಿಗೆ ರೈಟ್ ಹಾಕಿದಾವ ನಾನ ಅಲ್ಲೇನವ್ವ? ನಿನ್ನೆ ಹೇಳಿದ್ರ ಇಬ್ರೂ ಕೂಡಿ ಹೆದರ್ತಿದ್ವಿ."

ಎರ್ರಣ್ಣ ಗಹಗಹಿಸಿ ನಕ್ಕ. "ಏಳು ದಿನ ಗ್ವಾಡಿಗಿ ನೀರು ಹೊಡೀರಿ," ಎಂದು ಹೇಳಿ ಹೊರಟ.

ಮರುದಿನ ಬೆಳಿಗ್ಗೆ ಜಡೆಮ್ಮ ಮತ್ತು ರಾಧಾ ಬಕೆಟ್ ಹಿಡಿದು ಬಂದರು. ಒಂದನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ಕಾಲು ಕುಣಿಸುತ್ತ ಬಂದು ನಿಂತಳು.

"ಅಕ್ಕಾ, ದುಪ್ಪಟ್ಟ ಹಿಡೀತೀರೇನು?"

"ಇನ್ನ ಬ್ಯಾಡ. ಹೋಗು, ಹೋಗು!" ಎಂದಳು ರಾಧಾ.

ಹುಡುಗಿ ಅನುಮಾನದಿಂದಲೇ ಗೋಡೆಯ ಹಿಂದೆ ಹೋದಳು. ರಸ್ತೆಯ ಕಡೆ ನಿಂತು ನೋಡಿದರೆ ಬರೀ ಗೋಡೆ. ಜಡೆಮ್ಮ ಮಗ್ಗು ತುಂಬಿಕೊಂಡು, ಸಿಮೆಂಟಿನ ಒಂದೊಂದು ಗೆರೆಯೂ ನೆನೆಯುವಂತೆ ನಿಧಾನವಾಗಿ ನೀರು ಹಾಕಿದಳು.