ಮೊದಲ ಗುಟುಕು

ಚೆಲ್ಲಿದ ನೀರು ಎರಡೂ ಕಾಲಿಗೆ ಒಂದೇ ಎತ್ತರಕ್ಕೆ ತಾಗುತ್ತದೆಯೆ? ಇನ್ಸ್‌ಪೆಕ್ಟರ್ ಬೆಂತಾಂಕೋರ್ ಮೊಬೈಲಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದ, ಮತ್ತೆ ಚಿಕ್ಕದು ಮಾಡಿ ನೋಡಿದ. ಬಿಸಿನೀರು ಮೈಮೇಲೆ ಬಿದ್ದರೆ ಹರಿದ ಗುರುತಿರಬೇಕು, ಅಲ್ಲೊಂದು ಇಲ್ಲೊಂದು ಹನಿ ಸಿಡಿದ ಬೊಬ್ಬೆ ಇರಬೇಕು. ಇಲ್ಲಿ ಅದೊಂದೂ ಇರಲಿಲ್ಲ. ಮೊಣಕಾಲಿನ ಕೆಳಗೆ, ಕಾಲುಚೀಲ ತೊಡಿಸಿದ ಹಾಗೆ, ಎರಡೂ ಕಾಲು ಒಂದೇ ಗೆರೆಯವರೆಗೆ ಬೆಂದಿದ್ದವು. ಆದರೂ ಅವನಿಗೆ ಅನುಮಾನ. ಒಬ್ಬಂಟಿಯಾಗಿ ಬದುಕುವವನು ಎಲ್ಲದರಲ್ಲೂ ಏನೋ ಒಂದನ್ನು ಕಾಣುತ್ತಾನೆ. ತಾನೂ ಹಾಗೇ ಕಾಣುತ್ತಿರಬಹುದೆ?

"ಯಾಕೆ ಸುಮ್ಮನಾದ್ರಿ ಸಾಹೇಬ್ರೆ?" ಎದುರು ಕೂತಿದ್ದ ಮಿರ್ತಾ ಕೇಳಿದಳು. ರಾತ್ರಿ ಬಸ್ಸಿನಲ್ಲಿ ರಾಜಧಾನಿ ಮೊಂತೆವಿದೇಯೊದಿಂದ ಬಂದವಳು. "ಬಿಸಿ ಮಾಟೆ ಕಷಾಯ ಚೆಲ್ಲಿಕೊಂಡ ಅಂತಾರೆ. ನನ್ನ ತಮ್ಮ ವಿಲ್ಮಾರ್‌ಗೆ ಲೋಟ ಹಿಡಿಯೋಕೇ ಬರಲ್ಲ. ಮೂವತ್ತನಾಲ್ಕು ವರ್ಷ ಆಯ್ತು, ಒಂದು ಮಾತು ಆಡಿಲ್ಲ. ಅವನ ಪರವಾಗಿ ಯಾರು ಹೇಳಬೇಕು?"

"ನೀವು ಕೊನೇ ಸಲ ಬಂದದ್ದು ಯಾವಾಗ?"

ಅವಳು ಕೈಚೀಲದ ಕೊಂಡಿ ಹಾಕಿದಳು, ತೆಗೆದಳು. "ಈಸ್ಟರಿಗೆ. ಹೋದ ವರ್ಷದ ಈಸ್ಟರಿಗೆ."

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಎಫ್‌ಐಆರ್ ದಾಖಲಾಯಿತು. ಬೆಂತಾಂಕೋರ್ ಮೊದಲು ಆಸ್ಪತ್ರೆಗೆ ಹೋದ. ವಿಲ್ಮಾರ್‌ನ ಕಾಲುಗಳಿಗೆ ಬಟ್ಟೆ ಸುತ್ತಿದ್ದರು. ವೈದ್ಯೆ ಚುಟುಕಾಗಿ ಹೇಳಿದಳು: ಇದು ಬಿಸಿನೀರಿನಲ್ಲಿ ಮುಳುಗಿಸಿ ಆದ ಸುಟ್ಟಗಾಯ, ಸುಟ್ಟದ್ದು ಶನಿವಾರ ಮಧ್ಯಾಹ್ನ, ಕರೆತಂದದ್ದು ಕತ್ತಲಾದ ಮೇಲೆ. "ಆಗಲೇ ತಂದಿದ್ದರೆ ಎಡಪಾದ ಉಳಿಯುತ್ತಿತ್ತು. ಈಗ ಹೇಳಲಾರೆ." ಅವಳು ಮಾತಾಡುತ್ತಿದ್ದಷ್ಟು ಹೊತ್ತು ವಿಲ್ಮಾರ್ ಬಾಗಿಲನ್ನೇ ನೋಡುತ್ತಿದ್ದ. ನರ್ಸ್ ಒಳಗೆ ಬಂದಳು. ಅವನು ಮುಖ ಗೋಡೆಗೆ ತಿರುಗಿಸಿದ.

"ನಮ್ಮ ಕೈಯಿಂದ ತುತ್ತು ಮುಟ್ಟಲ್ಲ ಸಾರ್," ಎಂದಳು ನರ್ಸ್. "ಬಾಗಿಲು ಕಿರ್ ಅಂದರೆ ಸಾಕು, ಕುತ್ತಿಗೆ ಎತ್ತುತಾನೆ. ನಾವು ಅಂತ ಗೊತ್ತಾದ ಕೂಡಲೇ ಇಷ್ಟೇ."

ಅಂಗವಿಕಲರ ಆರೈಕೆ ಮನೆ ರೈಲು ನಿಲ್ದಾಣದ ಹಿಂದಿತ್ತು. ರೈಲು ನಿಂತು ಎಷ್ಟೋ ವರ್ಷಗಳಾಗಿದ್ದವು. ಮಾಲೀಕ ಗಾಂಬೆತ್ತಾ ಬಾಗಿಲಲ್ಲೇ ಕೈ ಮುಂದೆ ಚಾಚಿದ. "ಇನ್ಸ್‌ಪೆಕ್ಟರ್, ಇದೊಂದು ಆಕಸ್ಮಿಕ. ಇವರನ್ನ ನೋಡಿಕೊಳ್ಳೋ ನಿಬಿಯಾ ದೇವತೆಯಂಥ ಹೆಂಗಸು."

"ಊಟದ ನಂತರ ಊರೆಲ್ಲ ಮಲಗುತ್ತದಲ್ಲ, ಆಗ ಇಲ್ಲಿ ಎಷ್ಟು ಜನ ಕೆಲಸದವರು?"

"ಆಗ ಇಲ್ಲಿರೋ ರೋಗಿಗಳೂ ಮಲಗಿರ್ತಾರೆ, ಅದಕ್ಕೆ..."

"ಎಷ್ಟು ಜನ?"

"ನಿಬಿಯಾ ಒಬ್ಬಳೇ."

ಹದಿನಾಲ್ಕು ಜನರಿಗೆ ಒಬ್ಬಳು. ಪಂಚನಾಮೆಗೆ ಎದುರಿನ ಬೇಕರಿಯವನನ್ನೂ ನಿವೃತ್ತ ಶಿಕ್ಷಕಿಯೊಬ್ಬಳನ್ನೂ ಕರೆಸಿದರು. ಬಚ್ಚಲುಮನೆಯಲ್ಲಿ ಟಬ್ಬಿನ ಮೇಲೆ ಅಡ್ಡಲಾಗಿ ಒಂದು ಹಲಗೆ. ಅದರ ಮೇಲೆ ಕೂರಿಸಿ ಕಾಲು ನೀರಿಗೆ ಇಳಿಬಿಟ್ಟು ಸ್ನಾನ ಮಾಡಿಸುವುದು ಇಲ್ಲಿಯ ರೂಢಿ. ತಣ್ಣೀರಿನ ನಲ್ಲಿಯ ತಿರುಪಿಗೆ, ತಿರುಗದಂತೆ, ತಂತಿ ಬಿಗಿದಿತ್ತು. ಕಾನ್‌ಸ್ಟೇಬಲ್ ಯಮಾಂದು ಬಿಸಿನೀರು ಬಿಟ್ಟು ಬೆರಳೊಡ್ಡಿದವನು ಚೀರಿದ.

"ಅಯ್ಯಪ್ಪಾ! ಇದರಲ್ಲಿ ಕೋಳಿ ಪುಕ್ಕ ಕೀಳಬಹುದು ಸಾಹೇಬ್ರೆ."

ಬೇಕರಿಯವನು ನಕ್ಕ. ಶಿಕ್ಷಕಿ ನಗಲಿಲ್ಲ. ಬೆಂತಾಂಕೋರ್ ತಂತಿಯನ್ನು ಮುಟ್ಟಿದ. ತುಕ್ಕು ಬೆರಳಿಗೆ ಅಂಟಿತು. ಇದು ನಿನ್ನೆ ಮೊನ್ನೆ ಕಟ್ಟಿದ್ದಲ್ಲ.

ಮಧ್ಯಾಹ್ನ ನಿಬಿಯಾಳನ್ನು ಠಾಣೆಗೆ ಕರೆಸಲಾಯಿತು. ಅರವತ್ತರ ಹತ್ತಿರದ ಹೆಂಗಸು. ಆರೈಕೆ ಮನೆಯ ಬಟ್ಟೆ ಒಗೆಯುವ ಕೋಣೆಯೇ ಅವಳ ಮಲಗುವ ಕೋಣೆ; ಹೇಳಲು ಅವಳಿಗೆ ಬೇರೆ ವಿಳಾಸ ಇರಲಿಲ್ಲ. ಮೂಲೆಯ ಒಲೆಯ ಮೇಲೆ ಕೆಟಲ್ ಇತ್ತು. ಬೆಂತಾಂಕೋರ್ ಕುಡಿಯುವ ಸೋರೆಬುರುಡೆಗೆ ಮಾಟೆ ಎಲೆಯ ಪುಡಿ ತುಂಬುತ್ತ ಕೇಳಿದ:

"ಶನಿವಾರ ಮಾಟೆ ಹಂಚಿದ್ದು ಯಾರು, ನಿಬಿಯಮ್ಮ?"

"ನಾನೇ. ಬಿಸಿನೀರಿನ ಫ್ಲಾಸ್ಕ್ ಮೇಜಿನ ಮೇಲಿತ್ತು. ಅವನ ಕೈ ತಾಗಿ ಉರುಳ್ತು."

"ಮೊದಲ ಗುಟುಕು ಕುಡಿದದ್ದು?"

ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. "ಇದೇನು ಪ್ರಶ್ನೆ? ಹಂಚೋವಳೇ ಮೊದಲು ಕುಡೀಬೇಕು. ನೀವೇನು ಪರದೇಶದಿಂದ ಬಂದ್ರಾ?"

"ಕುಡಿದಿರಿ. ಮನುಷ್ಯನ ಚರ್ಮ ಸುಲಿಯೋ ನೀರು. ನಿಮ್ಮ ನಾಲಿಗೆ ಸುಡಲಿಲ್ಲವಾ?"

 ಆ ನಾಡಿನಲ್ಲಿ ಮಾಟೆ ಹಂಚುವವರಿಗೆ ಬೇರೆ ಕಾನೂನು ಬೇಕಿಲ್ಲ. ಕಹಿಯೂ ಅವರಿಗೇ ಮೊದಲು, ಸುಟ್ಟರೆ ನಾಲಿಗೆಯೂ ಅವರದೇ. ಆಮೇಲಷ್ಟೇ ಬುರುಡೆ ಇನ್ನೊಬ್ಬರ ಕೈಗೆ. ಸುಳ್ಳು ಹೇಳುವ ಆತುರದಲ್ಲಿ ಅವಳು ತನ್ನ ವಿರುದ್ಧ ತನ್ನನ್ನೇ ಸಾಕ್ಷಿಯಾಗಿ ನಿಲ್ಲಿಸಿಕೊಂಡಿದ್ದಳು.

ಅಷ್ಟರಲ್ಲಿ ಕೆಟಲ್ ಕೊತಕೊತ ಕುದಿಯತೊಡಗಿತು. "ಕುದಿಸಬಾರದು, ಎಲೆ ಸತ್ತುಹೋಗತ್ತೆ," ಎನ್ನುತ್ತ ಅವಳು ಅಭ್ಯಾಸಬಲದಿಂದ ಎದ್ದಳು. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಅಂಗೈಯನ್ನು ಕೆಟಲಿನ ಹೊಟ್ಟೆಗೆ ಆನಿಸಿ ಎತ್ತಿ, ನಿಧಾನವಾಗಿ ತಂದು ಮೇಜಿನ ಮೇಲೆ ಇಟ್ಟಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅಮ್ಮಾ, ಕೈ!" ಯಮಾಂದು ಕೂಗಿದ.

ನಿಬಿಯಾ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅದು ಕೆಂಪಗಾಗಿತ್ತು. ಅದನ್ನು ಏಪ್ರನ್ನಿನ ಜೇಬಿಗೆ ಇಳಿಸಿ ಕೂತಳು. 

"ಎಷ್ಟು ದಿನದಿಂದ?" ಬೆಂತಾಂಕೋರ್ ಕೇಳಿದ.

"ಹೋದ ಚಳಿಗಾಲದಿಂದ. ಸಕ್ಕರೆ ಕಾಯಿಲೆ. ಮೊದಲು ಬೆರಳ ತುದಿಯ ಸ್ಪರ್ಶ ಹೋಯ್ತು."

"ಗಾಂಬೆತ್ತಾಗೆ ಗೊತ್ತೇ?"

"ನಲ್ಲಿ ಕೆಟ್ಟಿದೆ ಅಂತ ಹೇಳ್ದೆ. ಸರಿಮಾಡಿಸ್ತೀನಿ ಅಂದ್ರು, ತಂತಿ ಕಟ್ಟಿದ್ರು. ಕೈ ವಿಷಯ ಹೇಳಲಿಲ್ಲ."

"ಶನಿವಾರ?"

"ಬಕೆಟ್ಟಲ್ಲಿ ತಣ್ಣೀರು ತಂದು ಬೆರೆಸಿದ್ದೆ. ಸಾಕು ಅಂದ್ಕೊಂಡೆ. ಕೈ ಇಟ್ಟು ನೋಡ್ದೆ ಸಾಹೇಬ್ರೆ. ದಿನಾ ನೋಡೋ ಹಾಗೇ ನೋಡ್ದೆ." ಅವಳ ದನಿ ಏರಲಿಲ್ಲ. "ಅವನು ಕೂಗ್ದ. ಸ್ನಾನ ಅಂದ್ರೆ ಅವನು ಯಾವಾಗಲೂ ಕೂಗ್ತಾನೆ. ನಾನು ಹಾಡು ಹೇಳ್ತಾ ಬೆನ್ನು ಉಜ್ಜಿದೆ."

"ಗೊತ್ತಾದ ಮೇಲೆ ಆಂಬುಲೆನ್ಸ್ ಯಾಕೆ ಕರೆಯಲಿಲ್ಲ? ಕತ್ತಲಾಗೋವರೆಗೂ?"

"ಕೊಬ್ಬು ಸವರಿದೆ, ಒದ್ದೆಬಟ್ಟೆ ಸುತ್ತಿದೆ. ಇಳಿಯುತ್ತೆ ಅಂದ್ಕೊಂಡೆ. ಕರೆದ್ರೆ ಕೇಳ್ತಾರೆ, ಹೇಗಾಯ್ತು ಅಂತ. ಆಮೇಲೆ ನನ್ನ ಕೈ ನೋಡ್ತಾರೆ. ಕಳಿಸ್ತಾರೆ." ಅವಳು ಕಿಟಕಿಯತ್ತ ನೋಡಿದಳು. "ಅಲ್ಲಿಂದ ಕಳಿಸಿದ್ರೆ ನಾನು ಎಲ್ಲಿಗೆ ಹೋಗ್ಲಿ? ಆ ಹದಿನಾಲ್ಕು ಜನರನ್ನ ಬಿಟ್ಟು ನನಗೆ ಯಾರಿದ್ದಾರೆ?"

ಸಂಜೆ ಆರಕ್ಕೆ ಬಂಧನ ದಾಖಲಾಯಿತು: ನಿರ್ಲಕ್ಷ್ಯದಿಂದ ತೀವ್ರ ಗಾಯ, ಚಿಕಿತ್ಸೆ ತಡೆಹಿಡಿದದ್ದು, ಸುಳ್ಳು ಹೇಳಿಕೆ. ಗಾಂಬೆತ್ತಾನ ಹೆಸರನ್ನೂ ಆರೋಪಿಯಾಗಿ ಸೇರಿಸಿ ಬೆಂತಾಂಕೋರ್ ಕತ್ತರಿಸಿದ ತಂತಿಯನ್ನು ಚೀಲದಲ್ಲಿ ಹಾಕಿ ಮೊಹರು ಮಾಡಿದ. ಮಾಲೀಕ ಬೆಳಗಾಗುವುದರೊಳಗೆ ವಕೀಲನ ಜೊತೆ ಬರುತ್ತಾನೆಂದು ಅವನಿಗೆ ಗೊತ್ತಿತ್ತು. ನಿಬಿಯಾಳ ಜೊತೆ ಬರುವವರು ಯಾರೂ ಇರಲಿಲ್ಲ.

ಅವಳ ಅಂಗೈಗೆ ಯಮಾಂದು ಮುಲಾಮು ಹಚ್ಚಿದ. ಬೆಂತಾಂಕೋರ್ ಹೊಸದಾಗಿ ಮಾಟೆ ಮಾಡಿ ಮೊದಲ ಗುಟುಕು ತಾನೇ ಹೀರಿದ. ದಿನವೂ ಮನೆಯಲ್ಲಿ ಮೊದಲನೆಯದೂ ಕೊನೆಯದೂ ಅವನದೇ. ಇವತ್ತು ಎರಡನೆಯದನ್ನು ಕೊಡಲು ಎದುರಿಗೊಬ್ಬರಿದ್ದರು. ನಿಬಿಯಾ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯ ತೊಟ್ಟಿನವರೆಗೂ ಕುಡಿದಳು.

"ಸಾಹೇಬ್ರೆ, ಅವನನ್ನ ನೋಡಿದ್ರಲ್ಲ," ಎಂದಳು. "ನನ್ನ ಮೇಲೆ ಸಿಟ್ಟಾಗಿದಾನಾ?"

"ಅವನು ಮಾತಾಡಲ್ಲವಲ್ಲ ಅಮ್ಮ," ಎಂದ ಬೆಂತಾಂಕೋರ್.

ಅವಳು ತಲೆಯಾಡಿಸಿ ಯಮಾಂದುವಿನ ಹಿಂದೆ ಲಾಕಪ್ಪಿನ ಕಡೆಗೆ ನಡೆದಳು. ಬಾಗಿಲು ಕಿರ್ ಎಂದಾಗಲೆಲ್ಲ ವಿಲ್ಮಾರ್ ಕುತ್ತಿಗೆ ಎತ್ತಿ ಅವಳನ್ನೇ ಹುಡುಕುತ್ತಿದ್ದನೆಂಬುದನ್ನು ಬೆಂತಾಂಕೋರ್ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.