ದೀಪಶ್ರೀ ಮದುವೆ, ಎರಡನೇ ಕ್ಯಾಸೆಟ್

2004ನೇ ಇಸವಿ ಸೆಪ್ಟೆಂಬರ್ 23, ಗುರುವಾರ, ಸಂಜೆ ನಾಲ್ಕು ಹತ್ತಕ್ಕೆ ಆಲ್ದೂರು ಠಾಣೆಗೆ ಏದುಸಿರು ಬಿಡುತ್ತಾ ಬಂದವನು ಮೋಹಿತ್. ಬಸ್ ನಿಲ್ದಾಣದ ಹಿಂದೆ ಫೋಟೊ ಸ್ಟುಡಿಯೊ ಇಟ್ಟಿದ್ದ ಇಪ್ಪತ್ತಾರರ ಹುಡುಗ. ಸುತ್ತಲಿನ ಮದುವೆ, ಗೃಹಪ್ರವೇಶಗಳಿಗೆಲ್ಲ ಅವನದೇ ಕ್ಯಾಮೆರಾ. ಸಬ್‌ಇನ್ಸ್‌ಪೆಕ್ಟರ್ ಶಾಂತವೀರಪ್ಪ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

"ಕಳ್ತನ ಆಗಿದೆ ಸರ್."

"ಏನು ಹೋಗಿದೆ?"

"ಒಂದು ಕ್ಯಾಸೆಟ್."

"ಮತ್ತೆ?"

"ಅಷ್ಟೇ ಸರ್. ಒಂದೇ ಕ್ಯಾಸೆಟ್."

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಕೆಂಪಯ್ಯ ಪೆನ್ನು ಕೆಳಗಿಟ್ಟರು. ನಿವೃತ್ತಿಗೆ ಮೂರು ವರ್ಷ ಬಾಕಿಯಿದ್ದ ಅವರು ಮೆಣಸು ಕದ್ದವರನ್ನು, ದನ ಕದ್ದವರನ್ನು, ಒಮ್ಮೆ ಮಾರಿಗೆ ಬಿಟ್ಟ ಕೋಳಿಯನ್ನೇ ಕದ್ದು ಸಾರು ಮಾಡಿದವನನ್ನೂ ಹಿಡಿದವರು. "ಅಲ್ಲ ಮಾರಾಯ, ಒಂದು ಕ್ಯಾಸೆಟ್ಟಿಗೆ ಎಫ್‌ಐಆರ್ ಬೇಕಾ? ಅಂಗಡೀಲಿ ಹೊಸದು ಸಿಗಲ್ವಾ?"

"ಅದರಲ್ಲಿ ದರ್ಶನ್ ಅವ್ರ ಮುಹೂರ್ತ ಇದೆ ಸರ್. ಇದೇ ಐದನೇ ತಾರೀಕಿನ ಮದುವೆ. ಹಾರ್ಡ್ ಡಿಸ್ಕ್ ತುಂಬಿತ್ತು, ಕಂಪ್ಯೂಟರಿಗೆ ಇನ್ನೂ ಇಳಿಸಿರಲಿಲ್ಲ. ತಾಳಿ ಕಟ್ಟೋದನ್ನ ಇನ್ನೊಂದ್ಸಲ ಮಾಡ್ಸಕ್ಕಾಗುತ್ತಾ?" ಹುಡುಗನ ಕಣ್ಣಲ್ಲಿ ನೀರಿತ್ತು.

ದರ್ಶನ್ ಊರಿನ ಕಾಫಿ ವ್ಯಾಪಾರಿಯ ಮಗ. ಕೆಂಪಯ್ಯ ಪೆನ್ನು ಎತ್ತಿಕೊಂಡರು. ಅಪರಾಧ ಸಂಖ್ಯೆ 87/2004, ಐಪಿಸಿ ಕಲಂ 454 ಮತ್ತು 380.

ಐದು ಗಂಟೆಗೆ ಸ್ಥಳ ಪಂಚನಾಮೆ. ಮೋಹಿತ್ ಎರಡರಿಂದ ಮೂರೂವರೆಯವರೆಗೆ ಊಟಕ್ಕೆ ಬಾಗಿಲು ಹಾಕಿದ್ದಾಗ ಕಳ್ಳ ಹಿಂದಿನ ಕಿಟಕಿಯ ತುಕ್ಕು ಹಿಡಿದ ಸರಳು ಕಿತ್ತು ಒಳಗೆ ಬಂದಿದ್ದ. ಮೇಜಿನ ಮೇಲಿದ್ದ ಕ್ಯಾಮೆರಾ ಹಾಗೇ ಇತ್ತು. ಕಂಪ್ಯೂಟರ್ ಹಾಗೇ ಇತ್ತು. ಗೋಡೆಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದ ನಲವತ್ತು ಕ್ಯಾಸೆಟ್‌ಗಳ ನಟ್ಟನಡುವೆ ಒಂದು ಮಾತ್ರ ಇರಲಿಲ್ಲ. ಕಿಟಕಿಯ ಹೊರಗೆ ಕೆಸರಿನಲ್ಲಿ ಹವಾಯಿ ಚಪ್ಪಲಿಯ ಗುರುತು. ಒಳಗೆ ಸಿಮೆಂಟಿನ ಮೇಲೆ ಬರಿಗಾಲಿನ ಗುರುತು.

"ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದಾನೆ ಸರ್," ಎಂದರು ಕೆಂಪಯ್ಯ. "ಕಳ್ಳನೋ ನೆಂಟನೋ!"

ಎರಡು ದಿನ ದರ್ಶನ್ ಕಡೆಯವರ ವಿಚಾರಣೆ ನಡೆಯಿತು. ಸೋದರಮಾವನೊಬ್ಬನನ್ನು ಸ್ಟೇಜಿಗೆ ಕರೆದು ಫೋಟೊ ತೆಗೆಸಲಿಲ್ಲವೆಂದು ಅವನು ಊಟ ಬಿಟ್ಟು ಹೋಗಿದ್ದನಂತೆ. ಅವನ ಮನೆಗೂ ಹೋಗಿ ಬಂದರು. ಪುಣ್ಯಾತ್ಮ ಕಳ್ಳತನದ ದಿನ ಕಾಲು ಉಳುಕಿ ಮಲಗಿದ್ದ. ಬೆಟ್ಟ ಅಗೆದರು, ಇಲಿಯೂ ಸಿಗಲಿಲ್ಲ.

25ರ ಬೆಳಿಗ್ಗೆ ಶಾಂತವೀರಪ್ಪ ಮತ್ತೆ ಆ ಹಲಗೆಯ ಮುಂದೆ ನಿಂತರು. ನಲವತ್ತರಲ್ಲಿ ಒಂದನ್ನೇ ಎತ್ತಿಕೊಂಡು ಹೋದವನು ಅದನ್ನು ಓದಿಯೇ ಎತ್ತಿಕೊಂಡಿರಬೇಕು.

"ಆ ಕ್ಯಾಸೆಟ್ ಮೇಲೆ ದರ್ಶನ್ ಮದುವೆ ಅಂತ ಬರ್ದಿತ್ತಾ?"

ಮೋಹಿತ್ ತಡವರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ. "ಇಲ್ಲ ಸರ್. ಅದನ್ನ ಡೈರಿಯಲ್ಲಿ ಬರ್ಕೊಂಡಿದ್ದೆ. ಕ್ಯಾಸೆಟ್ ಮೇಲೆ ಹಳೇ ಚೀಟಿನೇ ಇತ್ತು."

"ಏನಂತ?"

"ದೀಪಶ್ರೀ ಮದುವೆ, ಎರಡು. ಮೇ ತಿಂಗಳದ್ದು ಸರ್. ಜಾವಳಿ ಸುಬ್ಬಣ್ಣೋರ ಮಗಳು."

"ಅದರ ಮೇಲೆ ದರ್ಶನ್ ಮದುವೆ ತೆಗೆದ್ಯಾ?"

"ಸೀಡಿ ಮಾಡಿ ಕೊಟ್ಟಾದ ಮೇಲೆ ಎಲ್ಲರೂ ಹಾಗೇ ಮಾಡೋದು ಸರ್. ಪ್ರತಿ ಮದುವೆಗೂ ಹೊಸ ಕ್ಯಾಸೆಟ್ ಹಾಕಿದ್ರೆ ನಮಗೆ ಗಿಟ್ಟಲ್ಲ. ಹಳೇದು ಅಳಿಸಿ ಹೋಗುತ್ತೆ."

ಎರಡು ದಿನದ ಓಡಾಟವೆಲ್ಲ ನೀರಲ್ಲಿ ಹೋಮವಾಯಿತು. ಕಳ್ಳನಿಗೆ ದರ್ಶನ್ ಯಾರೆಂದೂ ಗೊತ್ತಿರಲಿಕ್ಕಿಲ್ಲ. ಅವನಿಗೆ ಬೇಕಾಗಿದ್ದದ್ದು ಜಾವಳಿಯ ಮದುವೆ.

"ಕದ್ದವನು ಅದನ್ನ ಮನೇಲಿ ಹಾಕಿ ನೋಡಬಹುದಾ?"

"ಸಾಧ್ಯಾನೇ ಇಲ್ಲ ಸರ್. ಇದು ಮಿನಿ ಡಿವಿ. ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು ಅಷ್ಟೇ. ಟೇಪ್ ರೆಕಾರ್ಡರಿಗೆ ಕೂರಲ್ಲ, ವಿಸಿಪಿಗೂ ಹೋಗಲ್ಲ, ವಿಸಿಡಿ ಪ್ಲೇಯರಲ್ಲಿ ಕ್ಯಾಸೆಟ್ ಹಾಕೋ ಜಾಗಾನೇ ಇಲ್ಲ. ಇಂಥದೇ ಕ್ಯಾಮೆರಾ ಬೇಕು. ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಸಿ, ವಿಸಿಡಿಗೆ ತಕ್ಕ ಹಾಗೆ ಬದಲಾಯಿಸಿ ಸೀಡಿಗೆ ಬರೆದ್ರೇನೇ ಟೀವೀಲಿ ಬರೋದು."

"ಹಾಗಾದ್ರೆ ಅವನು ಅದನ್ನ ಹಿಡ್ಕೊಂಡು ಯಾರನ್ನಾದ್ರೂ ಕೇಳ್ಲೇಬೇಕು," ಎಂದರು ಶಾಂತವೀರಪ್ಪ.

ಕೆಂಪಯ್ಯ ಟೀವಿ ರಿಪೇರಿಯವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾ ಹೋದರು. 27ರ ಬೆಳಿಗ್ಗೆ ಹನ್ನೊಂದಕ್ಕೆ ಮೂಡಿಗೆರೆಯ ಗುರುವಯ್ಯನ ಅಂಗಡಿಯಲ್ಲಿ ಸುಳಿವು ಸಿಕ್ಕಿತು.

"ಬಂದಿದ್ದ ಸರ್, ಶುಕ್ರವಾರ. ಐವತ್ತರ ಆಸುಪಾಸು. ಸಣ್ಣ ಕ್ಯಾಸೆಟ್ಟನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿ, ಮೇಲೆ ಟವೆಲ್ ಸುತ್ತಿ ತಂದಿದ್ದ. ಇದಕ್ಕೆ ಬೇರೆ ಕ್ಯಾಮೆರಾ ಬೇಕು ಮಾರಾಯ, ನನ್ನ ಹತ್ರ ಇಲ್ಲ ಅಂದೆ."

"ಅವನು ಏನಂದ?"

"ಅದೇ ವಿಚಿತ್ರ. ಚಿತ್ರ ಬರದಿದ್ರೆ ಹೋಗ್ಲಿ, ದನಿ ಆದ್ರೂ ಬರುತ್ತಾ ಅಂದ. ಮದುವೆ ಕ್ಯಾಸೆಟ್ಟಲ್ಲಿ ದನಿ ಯಾರಿಗೆ ಬೇಕು ಸರ್?"

ಅಂದೇ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಜಾವಳಿಗೆ ಹೋದರು. ಸುಬ್ಬಣ್ಣ ಮೂವತ್ತು ಎಕರೆ ಕಾಫಿ ಇದ್ದವರು, ಸಮಾಧಾನದ ಮನುಷ್ಯ. ಪೊಲೀಸರು ಮಗಳ ಮದುವೆಯ ಸೀಡಿ ನೋಡಬೇಕು ಎಂದಾಗ ಗಾಬರಿಯಾದರೂ ಪ್ಲೇಯರಿಗೆ ಹಾಕಿದರು.

ಪೂರ್ತಿ ಸಿನಿಮಾ ಹಾಡು. ಧಾರೆಗೆ ಒಂದು, ಆರತಿಗೆ ಒಂದು, ಊಟಕ್ಕೆ ಕುಣಿತದ್ದೊಂದು. ಮದುಮಗಳ ಪಕ್ಕದಲ್ಲಿ ಹಸಿರು ಲಂಗದಾವಣಿಯ ಒಂದು ಹುಡುಗಿ, ಹದಿನೇಳಿರಬಹುದು, ಕಣ್ಣು ಮುಚ್ಚಿ ಸೋಬಾನೆ ಹೇಳುತ್ತಿದ್ದಳು. ಬಾಯಿ ಆಡುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಟೀವಿಯಿಂದ ಕೇಳುತ್ತಿದ್ದದ್ದು ಬೇರೆ ಯಾರದೋ ಹಾಡು.

"ಈ ಹುಡುಗಿ ಯಾರು?"

"ರಂಜಿತಾ ಅಂತ. ನಮ್ಮ ತೋಟದ ಭೂತಯ್ಯನ ಮಗಳು. ಒಬ್ಬಳೇ." ಸುಬ್ಬಣ್ಣನವರ ದನಿ ತಗ್ಗಿತು. "ಜುಲೈಯಲ್ಲಿ ಕಾಮಾಲೆ ಆಗಿ ಹೋಗ್ಬಿಟ್ಲು. ಭೂತಯ್ಯ, ಅವನ ಹೆಂಡತಿ ಮುತ್ತಮ್ಮ ಇಬ್ರೂ ಬಂದು ಇದನ್ನ ಹಾಕ್ಸಿ ನೋಡಿದ್ರು. ಮುತ್ತಮ್ಮ ಟೀವಿಗೆ ಕಿವಿ ಇಟ್ಕೊಂಡು ಕೂತಿದ್ಲು ಸರ್. ಆಮೇಲೆ ಎದ್ದು ಹೋದ್ಲು."

ಕೇಸು ಬಗೆಹರಿದಾಗ ಆಗಬೇಕಾದ ಖುಷಿ ಶಾಂತವೀರಪ್ಪನವರಿಗೆ ಆಗಲಿಲ್ಲ.

ತೋಟದ ಆಳುಗಳ ಲೈನ್ ಮನೆಗಳ ಸಾಲಿನಲ್ಲಿ ಕೊನೆಯ ಬಾಗಿಲು. ಭೂತಯ್ಯ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ಖಾಕಿ ಕಂಡದ್ದೇ ಎದ್ದು ನಿಂತ. ಓಡಲಿಲ್ಲ.

"ಕ್ಯಾಸೆಟ್ ಎಲ್ಲಿದೆ?"

"ಒಳಗೆ ಸ್ವಾಮಿ."

ಒಲೆಯ ನೇರ ಮೇಲೆ ತೂಗುಹಾಕಿದ್ದ ಬಿದಿರಿನ ಅಟ್ಟಕ್ಕೆ ಕೈ ಹಾಕಿದ. ಬಿತ್ತನೆ ಬೀಜ, ರೇಷನ್ ಕಾರ್ಡು, ಬೂಷ್ಟು ಹಿಡಿಯಬಾರದ ಯಾವುದೇ ವಸ್ತುವಿಗೂ ಅಲ್ಲಿಯವರಿಗೆ ಅದೇ ಜಾಗ. ಕ್ಯಾಸೆಟ್ ಮೂರು ದಿನ ಒಲೆಯ ಕಾವಿನಲ್ಲಿತ್ತು. ಪ್ಲಾಸ್ಟಿಕ್ ಸುತ್ತು ಮುದುಡಿ ಅಂಟಿಕೊಂಡಿತ್ತು.

"ಯಾಕೆ ಕದ್ದೆ?"

"ಸ್ಟುಡಿಯೊಗೆ ಎರಡು ಸಲ ಹೋಗಿ ಕೇಳಿದೆ ಸ್ವಾಮಿ. ನಿಂಗೆ ಅದೆಲ್ಲ ಅರ್ಥ ಆಗಲ್ಲ, ಹೋಗು ಅಂದ್ರು ಆ ಹುಡುಗ. ಸೀಡೀಲಿ ದನಿ ತೆಗೆದಿದಾರೆ, ಕ್ಯಾಸೆಟ್ಟಲ್ಲಿ ಅಸಲಿ ದನಿ ಇರುತ್ತೆ ಅಂತ ಸಾಹುಕಾರ್ರ ಮನೆಗೆ ಬಂದಿದ್ದೋರು ಯಾರೋ ಹೇಳಿದ್ರು."

"ದನಿ ಯಾಕೆ?"

"ಮುಖ ಬಸ್ ಪಾಸಲ್ಲಿದೆ. ದನಿ ಎಲ್ಲೂ ಇಲ್ಲ." ಭೂತಯ್ಯ ಒಳಗೆ ಗೋಡೆಗೊರಗಿ ಕೂತಿದ್ದ ಹೆಂಡತಿಯ ಕಡೆ ನೋಡಿದ. "ಇವಳು ಬೆಳಗ್ಗೆ ಎದ್ದು ಕೇಳ್ತಾಳೆ, ಅವಳು ನನ್ನ ಹೆಂಗೆ ಕರೀತಿದ್ಲು ಅಂತ. ನಾನು ಕರೆದು ತೋರಿಸ್ತೀನಿ. ಹಂಗಲ್ಲ ಅಂತಾಳೆ. ಈಗ ನಂಗೂ ಮರೀತಾ ಬಂತು ಸ್ವಾಮಿ."

ಕೆಂಪಯ್ಯ ಬರೆಯುವುದು ನಿಲ್ಲಿಸಿ ಹೊರಗೆ ನೋಡಿದರು. ಹೇಳಬೇಕಾದ್ದನ್ನು ಶಾಂತವೀರಪ್ಪನವರೇ ಹೇಳಬೇಕಾಯಿತು.

"ಭೂತಯ್ಯ, ಅದರಲ್ಲಿ ಈಗ ಬೇರೆ ಮದುವೆ ಇದೆ. ನಿನ್ನ ಮಗಳದ್ದು ಅಳಿಸಿ ಹೋಗಿದೆ."

"ಇಲ್ಲ ಸ್ವಾಮಿ. ಚೀಟಿ ಇದೆಯಲ್ಲ. ನಾನೇ ಅಕ್ಷರ ಕೂಡಿಸಿ ಓದಿದೀನಿ. ದೀಪಶ್ರೀ ಮದುವೆ ಅಂತಾನೇ ಇದೆ."

ನಾಲ್ಕೂವರೆಗೆ ದಸ್ತಗಿರಿ. ಕೈಗೆ ಬೇಡಿ ಹಾಕಲಿಲ್ಲ.

ಮರುದಿನ, 28ರ ಬೆಳಿಗ್ಗೆ ಒಂಬತ್ತೂವರೆಗೆ, ಕೋರ್ಟಿಗೆ ಹಾಜರುಪಡಿಸುವ ಮೊದಲು, ವಶಪಡಿಸಿಕೊಂಡ ಮಾಲು ಅದೇ ಹೌದೇ ಎಂದು ಗುರುತಿಸಲು ಭೂತಯ್ಯನನ್ನೂ ಕರೆತಂದು, ಪಂಚರ ಎದುರು ಸ್ಟುಡಿಯೊದಲ್ಲಿ ಕ್ಯಾಸೆಟ್ ಹಾಕಿದರು. ಮೊದಲ ಬಸ್ಸಿಗೇ ಬಂದಿದ್ದ ಮುತ್ತಮ್ಮ ಗಂಡನಿಗೆ ತಂದ ರೊಟ್ಟಿಯ ಡಬ್ಬಿ ಹಿಡಿದು, ಚಪ್ಪಲಿ ಬಿಟ್ಟು, ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಬಾರಮ್ಮ ಎಂದರೂ ಬರಲಿಲ್ಲ.

ಟೀವಿಯಲ್ಲಿ ದರ್ಶನ್ ತಾಳಿ ಕಟ್ಟಿದ. ಕಾವು ತಿಂದ ಟೇಪು ಆಗಾಗ ಚೌಕ ಚೌಕವಾಗಿ ಒಡೆಯುತ್ತಿತ್ತು, ದನಿ ಕತ್ತರಿಸಿ ಮತ್ತೆ ಬರುತ್ತಿತ್ತು. ಆದರೂ ಮದುವೆ ಉಳಿದಿತ್ತು. ಮೋಹಿತ್ ಉಸಿರು ಬಿಟ್ಟ. ಭೂತಯ್ಯ ಪರದೆಯನ್ನೇ ನೋಡುತ್ತಿದ್ದ. ಹಸಿರು ದಾವಣಿ ಎಲ್ಲೂ ಬರಲಿಲ್ಲ. ಮಗಳ ಸೋಬಾನೆ ದರ್ಶನನ ತಾಳಿಯ ಅಡಿಯಲ್ಲಿ ಹೋಗಿಬಿಟ್ಟಿತ್ತು. ಅವನು ತಲೆ ತಗ್ಗಿಸಿದ.

ಐವತ್ತೇಳನೇ ನಿಮಿಷಕ್ಕೆ ಆ ಮದುವೆ ಮುಗಿದು ಪರದೆ ನೀಲಿಯಾಯಿತು. ಮೋಹಿತ್ ನಿಲ್ಲಿಸಲು ಕೈ ಚಾಚಿದವನು ತಟ್ಟನೆ ತಡೆದುಕೊಂಡ.

"ಸರ್, ಒಂದ್ನಿಮಿಷ. ದರ್ಶನ್ ಅವ್ರದ್ದು ಕ್ಯಾಸೆಟ್ ಪೂರ್ತಿ ತುಂಬಿಲ್ಲ. ಅದರ ಆಚೆಗಿರೋ ಹಳೇದು ಅಳಿಸಿರಲ್ಲ."

ನೀಲಿ ಅಲುಗಿತು. ಜಾವಳಿಯ ಊಟದ ಚಪ್ಪರ ಕಾಣಿಸಿತು. ಎಲೆಗಳ ಸಾಲು, ಯಾರದೋ ಬೆನ್ನು. ಆಮೇಲೆ ಕ್ಯಾಮೆರಾದ ಪಕ್ಕದಿಂದಲೇ, ತೀರಾ ಹತ್ತಿರದಿಂದ, ಒಂದು ಹುಡುಗಿಯ ದನಿ.

"ಅಣ್ಣಾ, ನಂದು ಸಾಕು. ನಮ್ಮಪ್ಪನ್ನ ಒಂಚೂರು ತೆಗೀರಿ. ಅಲ್ಲಿ, ಅನ್ನದ ಕುಕ್ಕೆ ಹೊತ್ಕೊಂಡು ಬರ್ತಿದಾರಲ್ಲ, ಅವ್ರೇ."

ಚಿತ್ರ ತಿರುಗಿತು. ಕುಕ್ಕೆ ಹೊತ್ತ ಭೂತಯ್ಯ. ಕ್ಯಾಮೆರಾ ಕಂಡು ನಾಚಿ, ಯಾವ ಕಡೆ ನೋಡಬೇಕೆಂದು ತಿಳಿಯದೆ ನಿಂತಿದ್ದ.

"ಅಪ್ಪಾ, ಇಲ್ನೋಡು! ನಗಪ್ಪಾ ಒಂಚೂರು!"

ಪರದೆಯ ಭೂತಯ್ಯ ನಕ್ಕ. ಅಲ್ಲಿಗೆ ಮುಗಿಯಿತು. ಮುಂದೆ ಖಾಲಿ.

ಭೂತಯ್ಯ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. "ಅವಳ ಹಾಡು ತೆಗೆದು ಸಿನಿಮಾ ಹಾಡು ಹಾಕಿದ್ದು ನಾನೇ ಸರ್," ಎಂದ ಮೋಹಿತ್, ಯಾರೂ ಕೇಳದಿದ್ದರೂ. "ಇವ್ರು ಕೇಳ್ಕೊಂಡು ಬಂದಿದ್ದು ನಂಗೆ ನೆನಪಾಗಲೇ ಇಲ್ಲ. ಕೇಸು ವಾಪಸ್ ತಗೊಳ್ತೀನಿ."

"ಅದನ್ನ ಕೋರ್ಟಲ್ಲಿ ಹೇಳಪ್ಪ. ಕ್ಯಾಸೆಟ್ ನಿನ್ನ ಕೈಗೆ ಬಂದ ದಿನ ಮೊದಲು ಇಷ್ಟನ್ನ ಸೀಡಿಗೆ ಹಾಕಿ ಇವರಿಗೆ ಕೊಡು. ದರ್ಶನ್ ಕಾಯಲಿ," ಎಂದರು ಶಾಂತವೀರಪ್ಪ.

ಕೆಂಪಯ್ಯ ಮೂಗು ಒರೆಸಿಕೊಂಡು ಪಂಚನಾಮೆ ಮುಂದುವರಿಸಿದರು. ಕ್ಯಾಸೆಟ್ಟಿನ ಕೊನೆಯಲ್ಲಿ ಹಿಂದಿನ ಚಿತ್ರೀಕರಣದ ಹತ್ತೊಂಬತ್ತು ಸೆಕೆಂಡ್ ಭಾಗ ಉಳಿದಿದ್ದು, ಅದರಲ್ಲಿ ಆರೋಪಿ ಭೂತಯ್ಯ ಕಾಣಿಸುತ್ತಾನೆ. ಕಾಣಿಸದ ಒಂದು ಹೆಣ್ಣಿನ ದನಿ ಕೇಳಿಸುತ್ತದೆ. ಅಲ್ಲಿಗೆ ಬಂದು ಪೆನ್ನು ನಿಂತಿತು.

"ಯಾರ ದನಿ ಅಂತ ಬರೀಲಿ ಸರ್?"

"ರಂಜಿತಾ," ಎಂದಳು ಮುತ್ತಮ್ಮ ಹೊಸ್ತಿಲ ಆಚೆಯಿಂದ. "ನನ್ನ ಮಗಳು ರಂಜಿತಾ ಅಂತ ಬರ್ಕೊಳಿ ಸ್ವಾಮಿ. ಇದೇ ಅವಳ ದನಿ."

ಕೆಂಪಯ್ಯ ಹಾಗೇ ಬರೆದರು. ಪಂಚರು ಸಹಿ ಹಾಕಿದರು. ಹನ್ನೊಂದು ಗಂಟೆಗೆ ಜೀಪು ಕೋರ್ಟಿಗೆ ಹೊರಟಿತು. ರೊಟ್ಟಿಯ ಡಬ್ಬಿ ಭೂತಯ್ಯನ ಮಡಿಲಲ್ಲಿತ್ತು.