ಮಾರಿಸ್‌ಟೌನಿನ ಗೋಮಾಳ

ಕೌಸಲ್ಯಾ ಹೋದ ಸುದ್ದಿ ನನಗೆ ತಿಳಿದದ್ದು ಒಂದು ಮಂಗಳವಾರ ಬೆಳಿಗ್ಗೆ, ಆಫೀಸಿಗೆ ಹೊರಡುವ ಹೊತ್ತಿನಲ್ಲಿ. ಫೋನ್ ಮಾಡಿದವರು ಅವಳ ಅತ್ತಿಗೆ ನಿರುಪಮಾ.

“ಗಣಪತಿಯವರೇ, ನಮ್ಮ ಕೌಸಲ್ಯಾ ಹೋಗಿಬಿಟ್ಟಳು. ಎದೆನೋವು ಅಂದಳು ಅಷ್ಟೇ. ಆ್ಯಂಬುಲೆನ್ಸ್ ಬರೋ ಹೊತ್ತಿಗೆ...” ಆಕೆ ಅತ್ತರು. ಆಮೇಲೆ ದನಿ ತಗ್ಗಿಸಿ, “ನೀವು ಬರೋದು ಬೇಡ ಅಂತಾರೆ ಇವರು. ತಪ್ಪು ತಿಳೀಬೇಡಿ,” ಎಂದರು.

ಇವರು ಎಂದರೆ ಆಕೆಯ ಗಂಡ, ಕೌಸಲ್ಯಾಳ ಅಣ್ಣ ದ್ವಾರಕಾನಾಥ.

ಹತ್ತಿರದವರ ಸಾವಿನ ಸುದ್ದಿ ಕಿವಿಗೆ ಬಿದ್ದರೆ ನಮ್ಮಲ್ಲಿ ಕೂಡಲೇ ತಲೆಗೆ ಸ್ನಾನ ಮಾಡಬೇಕು. ನಾನು ಟವೆಲ್ ಹಿಡಿದು ಬಾತ್‌ರೂಮಿನ ಬಾಗಿಲಲ್ಲಿ ನಿಂತೆ. ಆ ಸ್ನಾನಕ್ಕೆ ನನಗೆ ಅಧಿಕಾರವಿದೆಯೇ? ನಾನು ಅವಳ ಗಂಡನಲ್ಲ, ನೆಂಟನಲ್ಲ. ಹಾಗಾದರೆ ಅವಳಿಗೆ ನಾನು ಏನಾಗಬೇಕು? ಟವೆಲನ್ನು ಮತ್ತೆ ಕೊಕ್ಕೆಗೆ ಹಾಕಿದೆ.

ಅವಳನ್ನು ಮೊದಲು ಕಂಡದ್ದು ಎಪ್ಪತ್ತೆರಡರ ಏಪ್ರಿಲಿನಲ್ಲಿ, ಅಮೆರಿಕದ ಈ ಮಾರಿಸ್‌ಟೌನಿನ ಗ್ರೀನ್‌ನಲ್ಲಿ. ಊರ ನಡುವೆ ಚೌಕವಾದ ಹುಲ್ಲುಗಾವಲು, ಸುತ್ತ ದೊಡ್ಡ ಮರಗಳು, ಎದುರಿಗೆ ಚರ್ಚು. ಮಧ್ಯಾಹ್ನ ಆಫೀಸಿನಿಂದ ನಡೆದು ಬಂದು ಅಲ್ಲಿಯ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚುವುದು ನನ್ನ ರೂಢಿ. ಅಂದು ನೀಲಿ ಸೀರೆಯ ಮೇಲೆ ಕೋಟು, ಕಾಲಿಗೆ ಕ್ಯಾನ್‌ವಾಸ್ ಶೂ ತೊಟ್ಟ ಹೆಂಗಸೊಬ್ಬಳು ಸ್ಕೂಲಿನ ಮಕ್ಕಳಿಗೆ ಚರ್ಚನ್ನು ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಮಿಷನರಿಗಳ ಕಡೆಯವಳು ಎಂದುಕೊಂಡು ಮುಖ ತಿರುಗಿಸಿದೆ.

ಮಕ್ಕಳು ಬಸ್ ಹತ್ತಿದ ಮೇಲೆ ಅವಳು ನೇರವಾಗಿ ನನ್ನ ಹತ್ತಿರ ಬಂದಳು.

“ಒಗ್ಗರಣೆ ಸೀದಿದೆ. ಅಲ್ಲೀತನಕ ವಾಸನೆ.”

ಕನ್ನಡ ಕೇಳಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ನಾನು ಕನ್ನಡದವನು ಅಂತ ಹೇಗೆ ಗೊತ್ತಾಯ್ತು?”

“ಡಬ್ಬಿ ಮೇಲೆ ಕನ್ನಡದಲ್ಲಿ ಪಂಕಜಾ ಅಂತ ಕೊರೆಸಿದ್ದೀರಲ್ಲ. ನಿಮ್ಮ ಪಂಕಜಾ ಅವರಿಗೆ ಸಾಸಿವೆ ಸಿಡಿಸೋದು ಹೇಳಿಕೊಡಬೇಕು.”

“ನನ್ನ ಹೆಂಡತಿ. ತೀರಿಕೊಂಡು ನಾಲ್ಕು ವರ್ಷವಾಯ್ತು. ಸೀದಿಸಿದ್ದು ನಾನು.”

ಅವಳ ಮುಖ ಬಾಡಿತು. ಬೆಂಚಿನ ಆ ತುದಿಯಲ್ಲಿ ಕುಳಿತು, “ಒಂದು ತುತ್ತು ಕೊಡಿ, ತಿಂತೀನಿ. ಅಂದದ್ದಕ್ಕೆ ಶಿಕ್ಷೆ,” ಎಂದಳು.

ಡಬ್ಬಿಯ ಮುಚ್ಚಳದಲ್ಲಿ ಮೊಸರನ್ನ ಹಾಕಿಕೊಟ್ಟೆ. ಶಿಕ್ಷೆಯನ್ನು ಪೂರ್ತಿ ಅನುಭವಿಸಿ, ಮುಚ್ಚಳ ಒರೆಸಿ ಕೊಟ್ಟಳು.

ಕೌಸಲ್ಯಾ ಮೈಸೂರಿನವಳು, ಮದುವೆಯಾಗಿರಲಿಲ್ಲ. ಇಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಗ್ರೀನ್ ನೋಡಲು ಬಂದವರಿಗೆ ಅದರ ಚರಿತ್ರೆ ಹೇಳುವುದೂ ಅವಳದೇ ಕೆಲಸ. ನನಗೂ ಹೇಳಿದಳು, ಕನ್ನಡದಲ್ಲಿ.

“ಇದು ಇವರ ಗೋಮಾಳ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದ್ದ ಹಾಗೇ ಇಲ್ಲೂ ಊರ ನಡುವೆ ಹುಲ್ಲು ಬಿಟ್ಟರು. ಎಲ್ಲರ ದನವೂ ಮೇಯಲಿ ಅಂತ.”

“ಈಗ ದನ ಎಲ್ಲಿ?”

“ಬೆಂಚಿನ ಮೇಲೆ ಕೂತು ಮೊಸರನ್ನ ಮೇಯ್ತಾ ಇದೆ.”

ಪಂಕಜಾ ಹೋದ ಮೇಲೆ ನಾನು ಗಟ್ಟಿಯಾಗಿ ನಕ್ಕದ್ದು ಅಂದೇ.

ಕಂಬದ ಮೇಲೆ ನಿಂತ ಕಲ್ಲಿನ ಸೈನಿಕನನ್ನು ತೋರಿಸಿ, “ಇದು ಇವರ ವೀರಗಲ್ಲು,” ಎನ್ನುವಳು. ಚರ್ಚಿನ ಹಿಂದಿನ ಹಳೆಯ ಸಮಾಧಿಗಳ ನಡುವೆ ನಡೆಯುತ್ತ, ಸವೆದ ಅಕ್ಷರಗಳ ಮೇಲೆ ಬೆರಳಾಡಿಸಿ ಓದುವಳು. ನಾನು ಕಲ್ಲನ್ನು ನೋಡುತ್ತಿರಲಿಲ್ಲ. ಚಳಿಗೆ ಕೆಂಪಾದ ಅವಳ ಮೂಗಿನ ತುದಿಯನ್ನೂ, ತಲೆ ಬಗ್ಗಿಸಿದಾಗ ಮಿನುಗುವ ಮೂಗುತಿಯನ್ನೂ ನೋಡುತ್ತಿದ್ದೆ. ಅವಳಿಗೆ ಅದು ತಿಳಿಯುತ್ತಿತ್ತು.

“ಕಲ್ಲು ಆ ಕಡೆ ಇದೆ,” ಎನ್ನುವಳು, ತಲೆ ಎತ್ತದೆ.

ಎಲೆ ಬಣ್ಣ ತಿರುಗುವ ಕಾಲಕ್ಕೆ ನಾನು ಕೇಳಿದೆ. “ಕೋರ್ಟ್ ಹೌಸ್ ಇಲ್ಲೇ ಹತ್ತಿರ ಇದೆಯಂತಲ್ಲ. ಅದರ ಚರಿತ್ರೆ ನೀವು ಹೇಳಲೇ ಇಲ್ಲ.”

“ಅಲ್ಲಿ ಏನಿದೆ? ಕೇಸು, ಜೈಲು.”

“ಮದುವೇನೂ ಮಾಡಿಸ್ತಾರಂತೆ.”

ಅವಳು ತನ್ನ ಶೂಗಳ ಕಡೆಗೆ ತಲೆ ತಗ್ಗಿಸಿದಳು. “ನನಗೆ ನಲವತ್ತೈದು. ನಗ್ತಾರೆ ಜನ.”

“ನನಗೆ ಐವತ್ತೆರಡು. ಮೊದಲು ನನ್ನನ್ನ ನೋಡಿ ನಗ್ತಾರೆ.”

“ಅಣ್ಣನ್ನ ಕೇಳಬೇಕು,” ಎಂದಳು. ಹೇಳುವಾಗ ತುಟಿಯ ಅಂಚಿನ ನಗು ಅಡಗುತ್ತಿರಲಿಲ್ಲ.

ಮರುವಾರ ದ್ವಾರಕಾನಾಥರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಂದೇ ಮಾತೆತ್ತುವುದೆಂದು ಕೌಸಲ್ಯಾ ನನ್ನನ್ನೂ ಕರೆಸಿದ್ದಳು. ಸಂಕಲ್ಪಕ್ಕೆ ಬಂದವರೆಲ್ಲ ತಮ್ಮ ತಮ್ಮ ಗೋತ್ರ ಹೇಳಬೇಕು. ನನ್ನ ಸರದಿ ಬಂದಾಗ “ಹರಿತಸ” ಎಂದೆ. ಹೂವಿನ ತಟ್ಟೆ ಹಿಡಿದು ಬರುತ್ತಿದ್ದ ಕೌಸಲ್ಯಾ ನಿಂತಲ್ಲೇ ನಿಂತಳು.

ಈ ಊರಿನ ಹಳೆಯ ಮನೆತನಗಳ ವಂಶವೆಲ್ಲ ಅವಳಿಗೆ ಬಾಯಿಪಾಠ. ನನ್ನ ಗೋತ್ರವನ್ನು ಅವಳು ಕೇಳಿರಲಿಲ್ಲ; ನಾನೂ ಅವಳದನ್ನು ಕೇಳಿರಲಿಲ್ಲ. ಪರದೇಶದ ಆ ಬೆಂಚಿನ ಮೇಲೆ ನಮಗೆ ಅದರ ನೆನಪೇ ಬಂದಿರಲಿಲ್ಲ.

ಪ್ರಸಾದವಾದ ಮೇಲೆ ದ್ವಾರಕಾನಾಥರು ನನ್ನನ್ನು ಒಳಗೆ ಕರೆದರು. ತಂಗಿಯ ಮುಖ ನೋಡಿಯೇ ಅವರಿಗೆ ಎಲ್ಲವೂ ತಿಳಿದಿತ್ತು.

“ಒಂದೇ ಗೋತ್ರ, ಗಣಪತಿಯವರೇ. ನೀವು ಅವಳಿಗೆ ಅಣ್ಣ ಆಗಬೇಕು.”

“ಈ ವಯಸ್ಸಿನಲ್ಲಿ ನಮಗೇನು ಮಕ್ಕಳೇ, ಮರಿಯೇ? ಯಾರ ಕುಲ ಕೆಡುತ್ತೆ?”

“ಶಾಸ್ತ್ರ ವಯಸ್ಸು ಕೇಳಲ್ಲ.”

ಮೂರು ಹೊತ್ತು ಸಂಧ್ಯಾವಂದನೆ ಮಾಡುವ ನಾನು ಆ ಗಳಿಗೆಯಲ್ಲಿ ಶಾಸ್ತ್ರವನ್ನು ದ್ವೇಷಿಸಿದೆ.

ಮರುದಿನ ಗ್ರೀನ್‌ನಲ್ಲಿ ಕೌಸಲ್ಯಾಳಿಗೆ ಹೇಳಿದೆ. “ಇದು ಅಮೆರಿಕ. ನಡಿ, ಈಗಲೇ ಕೋರ್ಟ್ ಹೌಸಿಗೆ ಹೋಗೋಣ.” ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

“ಅಪ್ಪ ಹೋದಾಗ ನಾನು ಚಿಕ್ಕವಳು. ಅಣ್ಣ ತನ್ನ ಓದು ಬಿಟ್ಟು ನನ್ನನ್ನ ಓದಿಸಿದ. ಅವನನ್ನ ಮೀರೋಕೆ ನನ್ನ ಕೈಲಾಗಲ್ಲ.” ಕಣ್ಣೊರೆಸಿಕೊಂಡು, “ನಿಮ್ಮನ್ನ ಅಣ್ಣ ಅನ್ನೋಕೂ ಆಗಲ್ಲ. ಏನನ್ನಲಿ?” ಎಂದಳು.

ನಾನು ಡಬ್ಬಿಯನ್ನು ಅವಳ ಕಡೆ ಸರಿಸಿದೆ. ಇನ್ನೇನು ಮಾಡಬಹುದಾಗಿತ್ತು?

ಆಮೇಲಿನ ವರ್ಷಗಳೆಲ್ಲ ಹಾಗೆಯೇ ಹೋದವು. ನಡುವೆ ಊಟದ ಡಬ್ಬಿ, ಅದರ ಈಚೆ ನಾನು, ಆಚೆ ಅವಳು. ದೇಶದ ಇನ್ನೂರನೆಯ ವರ್ಷದ ಸಂಭ್ರಮಕ್ಕೆ ಗ್ರೀನ್ ತುಂಬ ಬಾವುಟ ಕಟ್ಟಿದಾಗಲೂ ಅಲ್ಲೇ ಕುಳಿತು ಬ್ಯಾಂಡ್ ಕೇಳಿದೆವು. ಅವಳ ಕಿವಿಯ ಹತ್ತಿರದ ಕೂದಲು ಬೆಳ್ಳಗಾದದ್ದನ್ನು ಅಲ್ಲಿಂದಲೇ ನೋಡಿದೆ. ಅವಳ ಕೈಯನ್ನು ಒಮ್ಮೆಯೂ ಹಿಡಿಯಲಿಲ್ಲ.

ಈಗ ಅವಳು ಹೋದಳು. ಬೇಡವೆಂದಿದ್ದರೂ ಹದಿಮೂರನೆಯ ದಿನ ಅವರ ಮನೆಗೆ ಹೋದೆ. ದ್ವಾರಕಾನಾಥರು ಬಾಗಿಲಲ್ಲೇ ತಡೆದರು. ಅತ್ತು ಅತ್ತು ಅವರ ಕಣ್ಣು ಊದಿತ್ತು.

“ಯಾವ ಸಂಬಂಧ ಅಂತ ಬಂದ್ರಿ?”

“ಒಂದೇ ಗೋತ್ರ. ನೀವೇ ಹೇಳಿದ್ದಲ್ಲವೇ?”

ನನ್ನ ಮಾತಿನಲ್ಲಿ ವಿಷವಿತ್ತು. ಇರಲಿ ಎಂದೇ ಆಡಿದೆ. ಹಿಂದಿನಿಂದ ನಿರುಪಮಾ, “ಒಳಗೆ ಬನ್ನಿ, ಎಲೆ ಹಾಕಿದೀನಿ,” ಎಂದರು. ದ್ವಾರಕಾನಾಥರು ಪಕ್ಕಕ್ಕೆ ಸರಿದರು.

ಇಂದು ಮಹಾಲಯ ಅಮಾವಾಸ್ಯೆ. ತಲೆಗೆ ಸ್ನಾನ ಮಾಡಿ, ಅಡುಗೆಮನೆಯ ನೆಲದ ಮೇಲೆ ದರ್ಭೆ ಹಾಸಿ ತರ್ಪಣಕ್ಕೆ ಕುಳಿತೆ. ತಂದೆತಾಯಿಗಳಾದರು, ಪಂಕಜಾ ಆದಳು. ಬಳಿಕ ಕೌಸಲ್ಯಾ. ನೀರು ಬಿಡುವಾಗ ಗೋತ್ರ, ಹೆಸರುಗಳ ಜೊತೆಗೆ ಹೋದವರು ನಮಗೆ ಏನಾಗಬೇಕು ಎಂಬುದನ್ನೂ ಹೇಳಬೇಕು. ಹೆಂಡತಿ ಎನ್ನಲು ಶಾಸ್ತ್ರ ಬಿಡಲಿಲ್ಲ. ತಂಗಿ ಎನ್ನಲು ಈ ನಾಲಿಗೆ ಬಿಡಲಿಲ್ಲ. ಬೊಗಸೆಯ ಎಳ್ಳುನೀರು ಬೆರಳ ಸಂದಿಯಿಂದ ಸೋರತೊಡಗಿತು.

ಸಖಿ ಎಂದೆ. ಸ್ನೇಹಿತರಿಗೂ ನೀರು ಬಿಡಬಹುದೆಂದು ಶಾಸ್ತ್ರವೇ ಹೇಳುತ್ತದೆ. ಸಪ್ತಪದಿಯ ಕೊನೆಯ ಹೆಜ್ಜೆಯಲ್ಲಿ ಗಂಡು ಹೆಣ್ಣನ್ನು ಕರೆಯುವುದೂ ಅದೇ ಮಾತಿನಿಂದ. ದ್ವಾರಕಾನಾಥರಿಗೆ ಇದು ತಿಳಿದರೆ ತಿಳಿಯಲಿ.

ಸ್ವಾಮೀ, ನಿನ್ನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಅದನ್ನು ಅವಳ ತಲೆಗೆ ಕಟ್ಟಬೇಡ. ಅವಳು ಯಾರ ಮನಸ್ಸನ್ನೂ ನೋಯಿಸಬಾರದೆಂದು ತನ್ನ ಮನಸ್ಸನ್ನೇ ನೋಯಿಸಿಕೊಂಡು ಹೋದಳು. ಯಾರೂ ಯಾರ ಗೋತ್ರವನ್ನೂ ಕೇಳದ ನಿನ್ನ ಪಾದದ ಬಳಿ ಅವಳಿಗೆ ಜಾಗ ಕೊಡು. ಕೌಸಲ್ಯಾಳಿಗೆ ಸದ್ಗತಿಯಾಗಲಿ. ಶಾಂತಿಯಾಗಲಿ.